ಹೊಳೆಯ ದಡದಲ್ಲಿ ಕೂಡಿಬಂದ ಸ್ತ್ರೀಯರು

ಸತ್ಯವೇದ ತೆಗೆಯಿರಿ. ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ, 9ರಿಂದ 15ನೇ ವಚನದ ತನಕ. ಮೊಬೈಲಲ್ಲಿ ಓದುವವರು ಓದಿ, ವಾಟ್ಸಾಪ್ ಮಾತ್ರ ಆಮೇಲೆ ನೋಡಿ.

ಕಳೆದ ವಾರ ನಮ್ಮ ಸಭೆಯ ಒಬ್ಬ ತಂಗಿ ಕೇಳಿದಳು: "ಪಾಸ್ಟರ್, ನಮ್ಮ ಪಿಜಿ ಹತ್ತಿರದ ಚರ್ಚಲ್ಲಿ ಬರೋ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ ಇದೆಯಂತೆ. ಸಿಎಸ್‌ಐ, ಮೆಥಡಿಸ್ಟ್, ಕ್ಯಾಥೊಲಿಕ್ ಅಕ್ಕಂದಿರೆಲ್ಲ ಬರ್ತಾರೆ. ನಾನು ಹೋಗಬಹುದಾ?"

"ನೋಡೋಣಮ್ಮ" ಅಂದೆ. ಆದರೆ ಮನಸ್ಸಿನಲ್ಲಿದ್ದ ಉತ್ತರ "ಬೇಡ" ಅಂತಲೇ. ಅಲ್ಲಿ ಪುಸ್ತಕ ನೋಡಿ ಪ್ರಾರ್ಥನೆ ಓದ್ತಾರೆ, ಅದರಲ್ಲಿ ಅಭಿಷೇಕ ಎಲ್ಲಿಂದ ಬರುತ್ತೆ ಅಂದುಕೊಂಡೆ. ಪ್ರಿಯರೇ, ಆ ರಾತ್ರಿ ಈ ವಾಕ್ಯಭಾಗ ನನ್ನನ್ನು ಗದರಿಸಿತು.

ಪೌಲನು ದರ್ಶನದಲ್ಲಿ ಕಂಡದ್ದು ಮಕೆದೋನ್ಯದ ಒಬ್ಬ ಗಂಡಸನ್ನು. ಸಮುದ್ರ ದಾಟಿ ಫಿಲಿಪ್ಪಿಗೆ ಬಂದ. ಸಬ್ಬತ್ ದಿನ ಊರ ಬಾಗಿಲಿನ ಹೊರಗೆ, ಹೊಳೆಯ ದಡಕ್ಕೆ ಹೋದ. ಅಲ್ಲಿ ಯಾರಿದ್ದರು? ಕೂಡಿಬಂದ ಸ್ತ್ರೀಯರು! "ನಾನು ದರ್ಶನದಲ್ಲಿ ಕಂಡವನು ಎಲ್ಲಿ?" ಅಂತ ಪೌಲ ತಿರುಗಿ ಹೋಗಲಿಲ್ಲ. ಅವರ ಜೊತೆ ಕೂತು ಮಾತಾಡಿದ. ಗಮನಿಸಿ, ಅವನು ಬರುವ ಮೊದಲೇ ಅಲ್ಲಿ ಪ್ರಾರ್ಥನೆ ಇತ್ತು. ಕರ್ತನು ಲುದ್ಯಳ ಹೃದಯ ತೆರೆದನು, ಲುದ್ಯಳು ತನ್ನ ಮನೆ ತೆರೆದಳು. ಹಲ್ಲೆಲೂಯಾ!

ಈ ವಿಶ್ವ ಪ್ರಾರ್ಥನಾ ದಿನ ಶುರುವಾದದ್ದೂ ಹೀಗೇ. 1887ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಸಹೋದರಿ ಮೇರಿ ಜೇಮ್ಸ್, ದೇಶದೊಳಗಿನ ಸುವಾರ್ತಾ ಸೇವೆಗಾಗಿ ಒಂದು ದಿನ ಪ್ರಾರ್ಥಿಸಲು ಸ್ತ್ರೀಯರನ್ನು ಕರೆದರು. ಆಮೇಲೆ ಬ್ಯಾಪ್ಟಿಸ್ಟ್ ಸಹೋದರಿಯರಾದ ಹೆಲೆನ್ ಮಾಂಟ್ಗೊಮರಿ ಮತ್ತು ಲೂಸಿ ಪೀಬಡಿ ಹೊರದೇಶಗಳ ಸೇವೆಗಾಗಿ ಕರೆ ಕೊಟ್ಟರು. ಬೇರೆ ಬೇರೆ ಪ್ರಾರ್ಥನೆಗಳು ಒಂದಾಗುತ್ತಾ ಬಂದು, 1927ರಿಂದ ಲೋಕವೆಲ್ಲ ಸೇರುವ ದಿನವಾಯಿತು. ಇವತ್ತು 150ಕ್ಕೂ ಹೆಚ್ಚು ದೇಶಗಳಲ್ಲಿ ಮಾರ್ಚ್ ತಿಂಗಳ ಮೊದಲ ಶುಕ್ರವಾರ ಇದು ನಡೆಯುತ್ತೆ.

ಈ ಲೂಸಿ ಯಾರು ಗೊತ್ತಾ? ಯೌವನದಲ್ಲಿ ಗಂಡನ ಜೊತೆ ಮದ್ರಾಸಿಗೆ ಮಿಷನರಿಯಾಗಿ ಬಂದವರು. 1886ರಲ್ಲಿ ಗಂಡ ತೀರಿಕೊಂಡರು. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ವಾಪಸ್ ಹೋದರು. "ಇಂಡಿಯಾ ನನ್ನಿಂದ ಎಲ್ಲ ಕಿತ್ತುಕೊಂಡಿತು" ಅನ್ನಬಹುದಿತ್ತು, ಅಲ್ವಾ? ಆದರೆ 1920ರ ದಶಕದಲ್ಲಿ ಅವರೂ ಹೆಲೆನ್ ಅವರೂ ಸೇರಿ ಏಷ್ಯಾದ ಮಹಿಳಾ ಕಾಲೇಜುಗಳಿಗೆ ಹಣ ಕೂಡಿಸಿದರು. ಅವುಗಳಲ್ಲಿ ವೆಲ್ಲೂರಿನ ಮಹಿಳಾ ವೈದ್ಯಕೀಯ ಶಾಲೆಯೂ ಒಂದು. ಬೇರೆ ಬೇರೆ ಸಭೆಗಳವರು ಸೇರಿ ನಡೆಸಿದ ಶಾಲೆ ಅದು. ನಮ್ಮಲ್ಲಿ ಎಷ್ಟು ಮನೆಯವರು ಚಿಕಿತ್ಸೆಗೆ ಅಂತ ವೆಲ್ಲೂರಿನ ಬಸ್ ಹತ್ತಿದ್ದೀರಿ! ಆ ಆಸ್ಪತ್ರೆಯ ಬಾಗಿಲಲ್ಲಿ ಯಾರೂ ನಿಮ್ಮ ಸಭೆ ಯಾವುದು ಅಂತ ಕೇಳಲಿಲ್ಲ.

ಹಾಗಾದರೆ ಉಪದೇಶದಲ್ಲಿ ವ್ಯತ್ಯಾಸ ಇಲ್ವಾ? ಇದೆ. ಪವಿತ್ರಾತ್ಮನ ಅಭಿಷೇಕದ ಬಗ್ಗೆ, ದೀಕ್ಷಾಸ್ನಾನದ ಬಗ್ಗೆ ನಾವು ನಂಬಿರುವುದನ್ನು ಬಿಡಿ ಅಂತ ನಾನು ಹೇಳ್ತಿಲ್ಲ. ಆದರೆ ಯೋಹಾನ 17ರಲ್ಲಿ ಕರ್ತನು ಶಿಲುಬೆಗೆ ಹೋಗುವ ಮೊದಲು ಬೇಡಿಕೊಂಡದ್ದು ನಾವು ಒಂದಾಗಿರಬೇಕು ಅಂತ. ಆತನ ಪ್ರಾರ್ಥನೆಗೆ ನಾನೇ ಅಡ್ಡ ನಿಲ್ಲಬೇಕಾ?

ಬರೆದ ಪ್ರಾರ್ಥನೆ ಅಂತೀರಾ? ನಾವೂ ಸ್ಕ್ರೀನ್ ನೋಡಿಯೇ ಹಾಡ್ತೀವಿ. ಅದಕ್ಕೆ ಆತ್ಮನು ಎದ್ದು ಹೋದನಾ? ಪ್ರತಿ ವರ್ಷ ಒಂದೊಂದು ದೇಶದ ಸ್ತ್ರೀಯರು ತಮ್ಮ ಕಣ್ಣೀರಿನಿಂದ ಆ ಪ್ರಾರ್ಥನೆ ಸಿದ್ಧಪಡಿಸುತ್ತಾರೆ. ಅನ್ಯಭಾಷೆಯಲ್ಲಿ ಪ್ರಾರ್ಥಿಸುವ ನಮಗೆ, ದೂರದೇಶದ ಅಕ್ಕನ ಮಾತು ಹಿಡಿದು ಪ್ರಾರ್ಥಿಸಲು ಸಂಕೋಚ ಯಾಕೆ?

ಆ ತಂಗಿಗೆ ಇವತ್ತು ಎಲ್ಲರ ಮುಂದೆ ಉತ್ತರ ಕೊಡ್ತೀನಿ: ಹೋಗಮ್ಮ. ನಾನೂ ಬರ್ತೀನಿ, ಹಿಂದಿನ ಬೆಂಚಲ್ಲಿ ಕೂರ್ತೀನಿ. ತಮ್ಮಂದಿರೇ, ನೀವೂ ಬನ್ನಿ. ಸ್ತ್ರೀಯರು ನಡೆಸುತ್ತಾರೆ, ಆದರೆ ಎಲ್ಲರಿಗೂ ಜಾಗ ಇದೆ. ಯಾವ ದೇಶಕ್ಕಾಗಿ ಪ್ರಾರ್ಥಿಸುತ್ತೀವಿ ಅಂತ ಮೊದಲೇ ಓದಿಕೊಂಡು ಬನ್ನಿ. ಮುಗಿದ ಮೇಲೆ ಕುರ್ಚಿ ಎತ್ತಿಡಿ.

ಪ್ರಾರ್ಥಿಸೋಣ. ಕರ್ತನೇ, ಲುದ್ಯಳ ಹೃದಯ ತೆರೆದ ಹಾಗೆ ನಮ್ಮ ಹೃದಯವನ್ನೂ ತೆರೆ. ನಮಗಿಂತ ಮೊದಲೇ ಪ್ರಾರ್ಥಿಸುತ್ತಿದ್ದವರನ್ನು ಗೌರವಿಸಲು ಕಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.