ಮುಚ್ಚಿಟ್ಟರೆ ಯಾರಿಗೆ ಒಳಿತು?



ಒಣ ತರಗೆಲೆ, ಹುಲ್ಲಿನ ಮೆದೆ, ಗೊಬ್ಬರದ ಗುಂಡಿ, ಇವುಗಳ ಬಳಿ ಓಡಾಡುವಾಗ ನಾವೆಲ್ಲರೂ ಬೂಷ್ಟಿನ ಸೂಕ್ಷ್ಮ ಕಣಗಳನ್ನು ಉಸಿರಾಡುತ್ತೇವೆ. ನಮಗೇನೂ ಆಗುವುದಿಲ್ಲ. ರಕ್ತದ ಬಿಳಿ ಕಣಗಳು ಅವನ್ನು ನುಂಗಿ ಕೊಲ್ಲುತ್ತವೆ. ಆದರೆ ಕೆಲವು ಮಕ್ಕಳ ಬಿಳಿ ಕಣಗಳು ನುಂಗಬಲ್ಲವು, ಕೊಲ್ಲಲಾರವು. ಕೊಲ್ಲಲು ಬೇಕಾದ ರಾಸಾಯನಿಕವನ್ನು ತಯಾರಿಸುವ ಶಕ್ತಿ ಅವುಗಳಿಗೆ ಹುಟ್ಟಿನಿಂದಲೇ ಇಲ್ಲ. ಇದಕ್ಕೆ ಕ್ರಾನಿಕ್ ಗ್ರಾನ್ಯುಲೊಮೇಟಸ್ ಡಿಸೀಸ್ ಎಂದು ಹೆಸರು. ಆಸ್ಪರ್ಜಿಲ್ಲಸ್ ಎಂಬ ಸಾಮಾನ್ಯ ಬೂಷ್ಟು ಇಂತಹ ಮಗುವಿನ ಶ್ವಾಸಕೋಶದಲ್ಲಿ ಬೇರೂರಿ ಪ್ರಾಣಕ್ಕೇ ಎರವಾಗಬಹುದು.

ಈ ಕಾಯಿಲೆ ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣುತ್ತದೆ. ಬಹಳಷ್ಟು ಸಲ ದೋಷ ತಾಯಿಯ ಮೂಲಕ ಬಂದಿರುತ್ತದೆ. ಆಕೆಯಾದರೋ ಬಹುಮಟ್ಟಿಗೆ ಆರೋಗ್ಯವಾಗಿಯೇ ಇರುತ್ತಾಳೆ. ಅಂತಹ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಂಭವ ಅರ್ಧಕ್ಕರ್ಧ. ಇನ್ನು ಕೆಲವು ಬಗೆಗಳಲ್ಲಿ ದೋಷ ತಂದೆತಾಯಿ ಇಬ್ಬರಿಂದಲೂ ಬರಬೇಕು. ರಕ್ತಸಂಬಂಧದ ಮದುವೆಗಳಲ್ಲಿ ಅದರ ಸಂಭವ ಹೆಚ್ಚು.

ಇಷ್ಟು ತಿಳಿದೊಡನೆ ಮನೆಯಲ್ಲಿ ಏಳುವ ಪ್ರಶ್ನೆ, "ಇದು ಯಾರ ಕಡೆಯಿಂದ ಬಂತು?" ಬೆರಳು ಸೊಸೆಯತ್ತ ತಿರುಗುತ್ತದೆ. ಆದರೆ ಕಾರಣ ಬೇರೆ, ತಪ್ಪು ಬೇರೆ. ತಿಳಿಯದೆ, ಬಯಸದೆ, ಬೇರೆ ದಾರಿಯಿಲ್ಲದೆ ಕೊಟ್ಟದ್ದಕ್ಕೆ ಯಾರನ್ನು ದೂರುವುದು? ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಪಾಪ ಯಾರದೆಂದು ವಿಚಾರಿಸಿದ್ದರು. ಪ್ರಭು ಯೇಸು ಆ ಲೆಕ್ಕಾಚಾರವನ್ನೇ ಒಪ್ಪಲಿಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದಿದೆ. ಆ ತಾಯಿಗೆ ಮದುವೆಗೆ ಬಂದ ತಂಗಿಯೊಬ್ಬಳು ಇದ್ದಾಳೆನ್ನಿ. ತಂಗಿಯಲ್ಲೂ ಅದೇ ದೋಷ ಇರಬಹುದು. "ವಿಷಯ ಹೊರಗೆ ಬಂದರೆ ಅವಳಿಗೆ ಗಂಡು ಸಿಕ್ಕೀತೇ? ಸುಮ್ಮನಿರು" ಎಂದು ಹಿರಿಯರು ಹೇಳುತ್ತಾರೆ. ಅವರ ಭಯ ಸುಳ್ಳಲ್ಲ. ಅದರ ಹಿಂದೆ ಪ್ರೀತಿಯೂ ಇದೆ. ಆದರೂ ಆ ಮೌನದ ಬೆಲೆಯನ್ನು ತೂಗಿ ನೋಡಿ.

ನಮ್ಮ ದೇಶದಲ್ಲಿ ಮಗು ಹುಟ್ಟಿದ ಕೂಡಲೇ ಬಿಸಿಜಿ ಚುಚ್ಚುಮದ್ದು ಕೊಡುತ್ತಾರೆ. ಉಳಿದ ಮಕ್ಕಳಿಗೆ ಅದು ರಕ್ಷೆ. ಈ ಕಾಯಿಲೆಯ ಮಗುವಿಗೆ ಮಾತ್ರ ಅಪಾಯ. ಮನೆತನದ ವಿಷಯ ವೈದ್ಯರಿಗೆ ಮೊದಲೇ ಗೊತ್ತಿದ್ದರೆ ರಕ್ತಪರೀಕ್ಷೆ ಮಾಡಿಸಿ ನಿರ್ಧರಿಸುತ್ತಾರೆ. 1957ರಲ್ಲಿ ವೈದ್ಯರು ಈ ಕಾಯಿಲೆಯನ್ನು ಮಾರಣಾಂತಿಕವೆಂದೇ ಬಣ್ಣಿಸಿದ್ದರು. ಇಂದು ಪ್ರತಿದಿನದ ಔಷಧಿಯಿಂದ ಅನೇಕರು ಬೆಳೆದು ದೊಡ್ಡವರಾಗುತ್ತಿದ್ದಾರೆ. ಇಟ್ರಕೊನಜೋಲ್ ಔಷಧಿ ಬೂಷ್ಟಿನ ಸೋಂಕನ್ನು ತಡೆಯಬಲ್ಲದೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಸ್ಥಿಮಜ್ಜೆಯ ಕಸಿಯಿಂದ ಗುಣವಾದವರೂ ಇದ್ದಾರೆ. ಇವೆಲ್ಲಕ್ಕೂ ಮೊದಲು ತಿಳಿದಿರಬೇಕು, ಬೇಗ ತಿಳಿದಿರಬೇಕು.

ಹಾಗಾದರೆ ಊರಿಗೆಲ್ಲ ಸಾರಬೇಕೇ? ಖಂಡಿತ ಬೇಡ. ಯಾರ ಮಕ್ಕಳ ಜೀವ ಈ ಮಾತನ್ನು ಅವಲಂಬಿಸಿದೆಯೋ ಅವರಿಗೆ ಹೇಳಬೇಕು. ಅಕ್ಕನು ತಂಗಿಗೆ ಹೇಳುವುದು ಕರ್ತವ್ಯ. ಕೈಹಿಡಿಯುವವನಿಗೆ ತಂಗಿಯೇ ತಿಳಿಸಲಿ. ನಂಬಿಕೆಯ ಮೇಲೆ ನಿಲ್ಲಬೇಕಾದ ದಾಂಪತ್ಯವನ್ನು ಗುಟ್ಟಿನಿಂದ ಆರಂಭಿಸುವುದು ಸರಿಯಲ್ಲ.

ಓದುಗರೇ, ಹೊಣೆ ಹೇಳುವವರದು ಮಾತ್ರವಲ್ಲ, ಕೇಳುವವರದೂ ಹೌದು. ಒಂದೆರಡು ವಂಶವಾಹಿ ದೋಷಗಳಿಲ್ಲದ ಮನುಷ್ಯನೇ ಇಲ್ಲ. ನಮ್ಮವು ಹೊರಗೆ ಕಂಡಿಲ್ಲ, ಅಷ್ಟೇ. ನಾಳೆ ನಿಮ್ಮ ಮಗನಿಗೆ ನೋಡಿದ ಹುಡುಗಿ ಧೈರ್ಯದಿಂದ ಇಂತಹ ಸತ್ಯವನ್ನು ಹೇಳಿದರೆ, ಎದ್ದು ಹೊರಡುವ ಮೊದಲು ಒಂದು ಗಳಿಗೆ ಯೋಚಿಸಿ. ನಿಮ್ಮ ಮೊಮ್ಮಗನ ಪ್ರಾಣವನ್ನು ಅವಳು ಆಗಲೇ ಕಾಯತೊಡಗಿದ್ದಾಳೆ.