ಹುಳುವಿನೊಳಗಿನ ರೆಕ್ಕೆ



ಆಗಸ್ಟ್ 6 ಪ್ರಭುವಿನ ರೂಪಾಂತರದ ಹಬ್ಬ. ಈ ಸಲ ಧರ್ಮೋಪದೇಶದ ಚಿಕ್ಕ ಮಕ್ಕಳಿಗೆ ಅದನ್ನು ರೇಷ್ಮೆ ಹುಳುವಿನಿಂದಲೇ ಶುರು ಮಾಡುತ್ತಿದ್ದೇವೆ. ಹೊಸೂರು, ಡೆಂಕಣಿಕೋಟೆ ಕಡೆಯ ನಮ್ಮ ಮಕ್ಕಳಿಗೆ ಇದನ್ನು ಚಿತ್ರದಲ್ಲಿ ತೋರಿಸಬೇಕಾಗಿಲ್ಲ. ಶಾಲೆಯಲ್ಲಿ ತಮಿಳಿನಲ್ಲಿ ‘ಉರುಮಾಟ್ರಂ’ ಎಂದು ಓದುವುದನ್ನೇ ಮನೆಯಲ್ಲಿ ಕನ್ನಡದಲ್ಲಿ ಕಂಡಿರುತ್ತಾರೆ: ನಾಲ್ಕು ಜ್ವರ, ಹಣ್ಣು ಹುಳು, ಚಂದ್ರಿಕೆ, ಗೂಡು. ಇರುವೆಯಷ್ಟಿದ್ದ ಮರಿ ಸುಮಾರು 25 ದಿನ ಸೊಪ್ಪು ತಿಂದು ಹತ್ತಿರ ಹತ್ತಿರ 10,000 ಪಟ್ಟು ತೂಗುತ್ತದೆ. ಆಮೇಲೆ ಎರಡು ಮೂರು ದಿನ ತಲೆಯಾಡಿಸುತ್ತಾ, ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆಯನ್ನು ತನ್ನ ಸುತ್ತ ಸುತ್ತಿಕೊಳ್ಳುತ್ತದೆ.

ಹುಳು ಸತ್ತು ಚಿಟ್ಟೆಯಾಗಿ ಎದ್ದಿತು, ಯೇಸುಸ್ವಾಮಿಯೂ ಹಾಗೆಯೇ ಎದ್ದರು ಎಂದು ಈಸ್ಟರಿನಲ್ಲಿ ಹೇಳುವುದುಂಟು. ಕೇಳಲು ಚೆನ್ನ, ಆದರೆ ನಿಜವಲ್ಲ. ಗೂಡಿನೊಳಗೆ ಹುಳು ಸಾಯುವುದಿಲ್ಲ. ದೇಹದ ಎಷ್ಟೋ ಭಾಗ ಕರಗಿ ಹೊಸದಾಗಿ ಕಟ್ಟಿಕೊಂಡರೂ ಜೀವ ಒಂದು ಕ್ಷಣವೂ ನಿಲ್ಲದು. ನಮ್ಮ ಪ್ರಭುವಾದರೋ ಶಿಲುಬೆಯ ಮೇಲೆ ನಿಜವಾಗಿಯೇ ಪ್ರಾಣಬಿಟ್ಟರು. ಹುಳುವಿನ ಕಥೆ ನಂಬಿದ ಮಗು ಮುಂದೆ ವಿಜ್ಞಾನ ಓದಿ, ‘ಹಾಗಾದರೆ ಯೇಸುವೂ ಸಾಯಲಿಲ್ಲವೇ?’ ಎಂದರೆ ಏನೆನ್ನೋಣ? ರೇಷ್ಮೆ ಸಾಕುವ ಮನೆಯ ಮಕ್ಕಳಿಗೆ ಇನ್ನೊಂದು ಮಾತೂ ಗೊತ್ತು. ಮಾರುಕಟ್ಟೆಗೆ ಹೋದ ಗೂಡಿನಿಂದ ಚಿಟ್ಟೆ ಬರುವುದಿಲ್ಲ. ಎಳೆ ತುಂಡಾಗಬಾರದೆಂದು ಅದನ್ನು ಒಳಗಿರುವಾಗಲೇ ಬಿಸಿಯಿಂದ ಕೊಲ್ಲುತ್ತಾರೆ. ಆ ಹಣದಿಂದಲೇ ಅವರ ಫೀಸು ಕಟ್ಟಿರುತ್ತೇವೆ. ಅವರ ಮುಂದೆ ಮುಚ್ಚಿಟ್ಟು ಪಾಠ ಮಾಡಲಾಗದು.

ಈ ಹಬ್ಬಕ್ಕೆ ಹೊಂದುವ ಸಂಗತಿ ಬೇರೆಯೇ ಇದೆ. ಚಿಟ್ಟೆಯ ರೆಕ್ಕೆ ಗೂಡಿನೊಳಗೆ ಎಲ್ಲಿಂದಲೋ ಬಂದದ್ದಲ್ಲ. ಸೊಪ್ಪು ತಿನ್ನುವ ಹುಳುವಿನ ಮೈಯೊಳಗೇ, ಪುಟ್ಟ ಜೀವಕೋಶಗಳ ಚೀಲಗಳಾಗಿ, ರೆಕ್ಕೆ ಕಾದಿರುತ್ತದೆ. ಹೊರಗಿನಿಂದ ನೋಡಿದವರಿಗೆ ಹುಳುವೇ ಕಾಣುವುದು. ಪೇತ್ರ, ಯಕೋಬ, ಯೊವಾನ್ನರು ಪ್ರಭುವಿನೊಂದಿಗೆ ಉಂಡು, ದೂಳಿನ ದಾರಿಯಲ್ಲಿ ನಡೆದವರು. ಬೆಟ್ಟದ ಮೇಲೆ ಅವರು ಕಂಡ ಪ್ರಕಾಶ ಹೊರಗಿನಿಂದ ಬಳಿದದ್ದಲ್ಲ, ಮೊದಲಿನಿಂದಲೂ ಅವರದೇ ಆಗಿದ್ದ ಮಹಿಮೆ.

ಮತ್ತಾಯ 17, ಮಾರ್ಕ 9ರಲ್ಲಿ ರೂಪಾಂತರಕ್ಕೆ ಬಳಸಿದ ಗ್ರೀಕ್ ಕ್ರಿಯಾಪದ ನಾವು ಬಿ.ಎಸ್ಸಿ.ಯಲ್ಲಿ ಬಾಯಿಪಾಠ ಮಾಡಿದ ‘ಮೆಟಮಾರ್ಫಾಸಿಸ್’ನ ಬೇರೇ. (ಆಗ ಯಾರೂ ಹೇಳಿಕೊಡಲಿಲ್ಲ!) ಸಂತ ಪೌಲರು ರೋಮನರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಅದೇ ಪದವನ್ನು ನಮ್ಮ ಮನಸ್ಸು ಹೊಸದಾಗುವುದಕ್ಕೆ ಬಳಸಿದ್ದಾರೆ. ಹುಳುವಿನ ಉಪಮೆ ಇಲ್ಲಿಗೆ ನಿಲ್ಲುತ್ತದೆ. ಹುಳು ಬೇಡವೆಂದರೂ ಚಿಟ್ಟೆಯಾಗಲೇಬೇಕು, ನಾವು ಬೇಡವೆನ್ನಬಹುದು. ಪೂಜೆಯಲ್ಲಿ ಒಂದು ಕಡೆ ಕೂರದ, ಬೈಗುಳ ತಿನ್ನುವ ಹುಡುಗನನ್ನು ನೋಡುವಾಗ ದೊಡ್ಡವರಾದ ನಾವು ಏನು ಕಾಣುತ್ತೇವೆ ಎಂಬುದೂ ಇದರಲ್ಲೇ ಸೇರಿದೆ.

ಬೆಳೆ ಎತ್ತಿದ ಮನೆಯವರು ನಾಲ್ಕೈದು ಗೂಡು ಕೊಡಬೇಕೆಂದು ಕೋರುತ್ತೇವೆ. ರಟ್ಟಿನ ಪೆಟ್ಟಿಗೆಯಲ್ಲಿಟ್ಟರೆ ಹತ್ತು ಹನ್ನೆರಡು ದಿನಕ್ಕೆ ಬಿಳಿ ಚಿಟ್ಟೆ ಬರುತ್ತದೆ. ಅದು ಏನೂ ತಿನ್ನುವುದಿಲ್ಲ, ಹಾರಲಾರದು, ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಮಕ್ಕಳು ಅದನ್ನೂ ನೋಡಲಿ. ಆ ಭಾನುವಾರ ಅವರು ಕೇಳದೆ ಬಿಡುವುದಿಲ್ಲ. ಹೆತ್ತವರು, ಉಪದೇಶಿಗಳು ಎಲ್ಲರೂ 1 ಕೊರಿಂಥ 15ನ್ನು ಒಮ್ಮೆ ಓದಿಕೊಂಡು ಬರೋಣ.