ಕಿವಿಯಂಚಿನ ಚರಿತ್ರೆ

ಕೀನ್ಯಾದ ಅಂಬೊಸೆಲಿ ಬಯಲಿನಲ್ಲಿ, ಕಿಲಿಮಂಜಾರೋ ಪರ್ವತದ ಉತ್ತರಕ್ಕೆ, 1972ರಿಂದ ಆನೆಗಳ ಅಧ್ಯಯನವೊಂದು ನಡೆದು ಬಂದಿದೆ. ಅದನ್ನು ಆರಂಭಿಸಿದ ಸಿಂಥಿಯಾ ಮಾಸ್ ಮತ್ತು ಸಂಗಡಿಗರು ಮೊದಲು ಕಲಿತದ್ದು ಒಂದೊಂದು ಆನೆಯನ್ನೂ ಬಿಡಿಬಿಡಿಯಾಗಿ ಗುರುತಿಸುವುದನ್ನು. ಗುರುತೆಲ್ಲ ಕಿವಿಯಲ್ಲೇ ಇದೆ. ಹರಿದ ಅಂಚು, ಒಂದು ತೂತು, ಕಿವಿ ಹರಡಿದಾಗ ಮೇಲೆದ್ದು ಕಾಣುವ ರಕ್ತನಾಳಗಳ ಜಾಲ. ಚಿತ್ರ ತೆಗೆದು, ಒಂದು ಕುಟುಂಬದವರಿಗೆಲ್ಲ ಒಂದೇ ಅಕ್ಷರದಿಂದ ಆರಂಭವಾಗುವ ಹೆಸರಿಟ್ಟರು. ವರ್ಷ ಕಳೆದಂತೆ ಕಿವಿ ಮತ್ತಷ್ಟು ಹರಿಯುತ್ತದೆ, ಹಳೆಯ ಚಿತ್ರ ಸುಳ್ಳಾಗುತ್ತದೆ. ಅಲ್ಲಿ ಒಬ್ಬಳ ಪರಿಚಯವೆಂದರೆ ಅವಳಿಗಾದ ಗಾಯಗಳ ಪರಿಚಯವೇ.

ಆನೆಯ ಗರ್ಭಾವಧಿಯೇ 22 ತಿಂಗಳು. ಆಯುಷ್ಯ 60 ವರ್ಷವನ್ನು ದಾಟಬಲ್ಲುದು. ನಮ್ಮ ಮೂರು ವರ್ಷದ ಸಂಶೋಧನಾ ಅನುದಾನಗಳು ಒಂದು ಮರಿ ಹಾಲು ಬಿಡುವ ಮೊದಲೇ ತೀರಿಹೋಗುತ್ತವೆ. ಇಂಥ ಜೀವವನ್ನು ಅರಿಯಹೊರಟವರು ಅದರ ಜೊತೆಗೇ ಮುಪ್ಪಾಗಬೇಕು. ಕ್ಯಾರೆನ್ ಮೆಕ್‌ಕೋಂಬ್ ಮತ್ತು ಸಂಗಡಿಗರು ಇಲ್ಲಿ ಧ್ವನಿಮುದ್ರಿತ ಕರೆಗಳನ್ನು ಕೇಳಿಸಿ, ವಯಸ್ಸಾದ ಯಜಮಾನಿಯುಳ್ಳ ಕುಟುಂಬ ಪರಿಚಿತರನ್ನೂ ಅಪರಿಚಿತರನ್ನೂ ಹೆಚ್ಚು ಚೆನ್ನಾಗಿ ಬೇರ್ಪಡಿಸಿ ಅರಿಯುತ್ತದೆಂದು 2001ರಲ್ಲಿ ಪ್ರಕಟಿಸಿದರು. ಅದಕ್ಕೂ ಮುನ್ನ, ಸತ್ತು 23 ತಿಂಗಳಾಗಿದ್ದ ಹೆಣ್ಣಾನೆಯೊಂದರ ಕರೆಯನ್ನು ಅವಳ ಬಂಧುಗಳಿಗೆ ಕೇಳಿಸಿದ್ದರು. ಅವು ಓಗೊಟ್ಟವು, ದನಿ ಬಂದತ್ತ ನಡೆದವು. ವಿಜ್ಞಾನಕ್ಕೆ ಅದು ಸ್ಮೃತಿಯ ಪ್ರಮಾಣ. ಓದಿದ ನನಗೆ ಮಾತ್ರ, ಹಾಗೆ ಕರೆಯಬಹುದಿತ್ತೇ ಎಂಬ ಸಂಕೋಚ ಇನ್ನೂ ಕಳೆದಿಲ್ಲ.

2009ರ ಬರಗಾಲದಲ್ಲಿ ಅಂಬೊಸೆಲಿ ತನ್ನ ಅನೇಕ ವೃದ್ಧೆಯರನ್ನು ಕಳೆದುಕೊಂಡಿತು. ದಶಕಗಳ ಕಾಲ ತನ್ನ ಕುಟುಂಬವನ್ನು ನಡೆಸಿದ ಎಕೊ ಆ ವರ್ಷದ ಮೇ ತಿಂಗಳಲ್ಲಿ ತೀರಿಕೊಂಡಳು. ಆನೆಗೆ ದವಡೆಹಲ್ಲು ಆರು ಸಲ ಬರುತ್ತದೆ. ಆರನೆಯದೂ ಸವೆದ ಮೇಲೆ ಹುಲ್ಲಿದ್ದರೂ ಹಸಿವೇ. ಈ ಸಾವುಗಳಿಗಾದರೂ ಪ್ರಕೃತಿಯ ಒಂದು ನ್ಯಾಯವುಂಟು. ದಂತಕ್ಕಾಗಿ ಕೊಲ್ಲುವವನ ಕಣ್ಣು ಬೀಳುವುದು ದೊಡ್ಡ ದಂತದ ಮೇಲೆ. ದಂತ ಬದುಕಿನುದ್ದಕ್ಕೂ ಬೆಳೆಯುವುದರಿಂದ ಅವನ ಗುಂಡು ಹುಡುಕುವುದೂ ಮುಪ್ಪನ್ನೇ. ಆಗ ಮಡಿಯುವುದು ಒಂದು ದೇಹವಷ್ಟೇ ಅಲ್ಲ. ನೀರು ಬತ್ತಿದಾಗ ಎತ್ತ ಹೋಗಬೇಕೆಂಬ ಅರಿವೂ ಹೌದು. ಬರ ಕಳೆದ ಕೆಲವು ವರ್ಷಗಳಲ್ಲಿ ಅಂಬೊಸೆಲಿಯಲ್ಲಿ ಮರಿಗಳು ಹೇರಳವಾಗಿ ಹುಟ್ಟಿದವು, ಗಣತಿಗೆ ಸಮಾಧಾನವಾಯಿತು. ಆ ಮರಿಗಳಲ್ಲಿ ಯಾವುದು ಮುಂದೆ ಯಜಮಾನಿಯಾಗುವುದೋ ಅದನ್ನು ಕಾಣಲು, ಅವುಗಳಿಗೆ ಹೆಸರಿಟ್ಟವರಲ್ಲಿ ಹೆಚ್ಚಿನವರು ಇರಲಾರರು. ಅವರ ಟಿಪ್ಪಣಿಗಳನ್ನು ಓದಿಕೊಂಡು, ಹರಿದ ಕಿವಿಗಳ ಹೊಸ ಚಿತ್ರ ತೆಗೆಯುವ ಕೆಲಸಕ್ಕೆ ಈಗ ಕಿರಿಯರು ಬೇಕಾಗಿದ್ದಾರೆ.